ಗ್ಲಾಸ್ಗೊದ ಎರಡು ಮತಪತ್ರಗಳು

ಪ್ರಶ್ನೆ: ನಾನು ದಾವಣಗೆರೆಯವಳು. ಆರು ವರ್ಷಗಳಿಂದ ಗ್ಲಾಸ್ಗೊದ ಆಸ್ಪತ್ರೆಯೊಂದರಲ್ಲಿ ನರ್ಸ್ ಆಗಿ ಕೆಲಸ ಮಾಡುತ್ತಿದ್ದೇನೆ. ನನ್ನದು, ನಮ್ಮ ಯಜಮಾನರದು, ಮಗನದು ಮೂವರದೂ ಭಾರತದ ಪಾಸ್‌ಪೋರ್ಟ್. 2026ರ ಮೇ 7ರಂದು ನಡೆಯುವ ಸ್ಕಾಟ್ಲೆಂಡ್ ಪಾರ್ಲಿಮೆಂಟ್ ಚುನಾವಣೆಗೆ ಮೂವರ ಹೆಸರಿಗೂ ಪೋಲ್ ಕಾರ್ಡ್ ಬಂದಿದೆ. ಮಗನಿಗೆ ಇನ್ನೂ ಹದಿನಾರು ವರ್ಷ. ಇಲ್ಲಿ ಮತ ಹಾಕಿದರೆ ಊರಿನ ಮತ ಹೋಗುತ್ತದೆ, ವೀಸಾಕ್ಕೂ ತೊಂದರೆಯಾಗುತ್ತದೆ ಎಂದು ಅತ್ತೆಯವರು ಫೋನಿನಲ್ಲಿ ಹೇಳುತ್ತಲೇ ಇದ್ದಾರೆ. ಮತಪತ್ರ ಎರಡಂತೆ. ಎರಡನೆಯದು ‘ಸೆಕೆಂಡ್ ಚಾಯ್ಸ್’ ಎಂದು ಒಬ್ಬ ಸಹೋದ್ಯೋಗಿ ಹೇಳಿದರೆ, ಎರಡನ್ನೂ ಒಂದೇ ಪಕ್ಷಕ್ಕೆ ಕೊಟ್ಟರೆ ಎರಡನೆಯದು ದಂಡ ಎಂದು ಇನ್ನೊಬ್ಬರು ಹೇಳುತ್ತಾರೆ. ಪಟ್ಟಿಯಿಂದ ಬರುವವರೆಲ್ಲ ಸೋತವರು, ಅವರಿಗೆ ಮತ ಹಾಕುವುದೇ ಬೇಡ ಎಂಬುದು ನಮ್ಮ ಯಜಮಾನರ ವಾದ. ನಮ್ಮ ತಂದೆ ಹೈಸ್ಕೂಲ್ ಮೇಷ್ಟ್ರಾಗಿದ್ದರು. ಶಿಕ್ಷಕರ ಕ್ಷೇತ್ರದ ಚುನಾವಣೆಯಲ್ಲಿ 1, 2, 3 ಎಂದು ಬರೆದು ಬರುತ್ತಿದ್ದುದು ನೆನಪಿದೆ. ಇಲ್ಲಿಯೂ ಹಾಗೆಯೇ ಬರೆಯಬೇಕೆ? ದಯವಿಟ್ಟು ಬಿಡಿಸಿ ಹೇಳಿ.

ಉತ್ತರ: ನಿಮ್ಮ ಪತ್ರದಲ್ಲಿ ಎರಡು ಬಗೆಯ ಆತಂಕಗಳಿವೆ. ಮತ ಹಾಕುವ ಹಕ್ಕು ನಿಜವಾಗಿಯೂ ನಮಗಿದೆಯೇ, ಅದನ್ನು ಚಲಾಯಿಸಿದರೆ ಇನ್ನೇನಾದರೂ ಕಳೆದುಕೊಳ್ಳುತ್ತೇವೆಯೇ ಎಂಬುದು ಒಂದು. ಹಾಕಿದ ಮತ ಸರಿಯಾಗಿ ಲೆಕ್ಕಕ್ಕೆ ಬರುತ್ತದೆಯೇ ಎಂಬುದು ಇನ್ನೊಂದು. ಮೊದಲನೆಯದಕ್ಕೆ ಉತ್ತರ ಚಿಕ್ಕದು, ಎರಡನೆಯದಕ್ಕೆ ಸ್ವಲ್ಪ ಲೆಕ್ಕ ಮಾಡಬೇಕಾಗುತ್ತದೆ. ಚುನಾವಣಾ ಪದ್ಧತಿಗಳ ಪಾಠವನ್ನು ಧಾರವಾಡದ ಕಾಲೇಜಿನಲ್ಲಿ ಬಹಳ ವರ್ಷ ಮಾಡಿದವನಾಗಿ ಹೇಳುವುದಾದರೆ, ಈ ಎರಡನೆಯ ಮತಪತ್ರದಷ್ಟು ತಪ್ಪು ತಿಳಿವಳಿಕೆಗೆ ಒಳಗಾದ ಕಾಗದ ಇನ್ನೊಂದಿಲ್ಲ.

ಸ್ಕಾಟ್ಲೆಂಡಿನಲ್ಲಿ ನೆಲೆಸಲು ಅನುಮತಿಯಿರುವ ಕಾಮನ್‌ವೆಲ್ತ್ ದೇಶಗಳ ಪ್ರಜೆಗಳಿಗೆ, ಎಂದರೆ ಭಾರತೀಯರಿಗೂ, ಅಲ್ಲಿನ ಪಾರ್ಲಿಮೆಂಟಿನ ಮೊದಲ ಚುನಾವಣೆ ನಡೆದ 1999ರಿಂದಲೇ ಮತದಾನದ ಹಕ್ಕಿದೆ. 2020ರ ಕಾಯ್ದೆಯೊಂದು ಈ ಹಕ್ಕನ್ನು ಅಲ್ಲಿ ಕಾನೂನುಬದ್ಧವಾಗಿ ವಾಸಿಸುವ ಎಲ್ಲ ದೇಶಗಳವರಿಗೂ ವಿಸ್ತರಿಸಿತು. ಮತದಾನದ ವಯಸ್ಸನ್ನು ಹದಿನಾರಕ್ಕೆ ಇಳಿಸಿದ್ದು 2015ರ ಕಾಯ್ದೆ. ಆದ್ದರಿಂದ ನಿಮ್ಮ ಮಗನಿಗೆ ಬಂದಿರುವ ಪೋಲ್ ಕಾರ್ಡ್ ಕಚೇರಿಯ ತಪ್ಪಿನಿಂದ ಬಂದದ್ದಲ್ಲ, ಅದು ಅವನ ಹಕ್ಕಿನದು. ಕಾನೂನೇ ಕೊಟ್ಟಿರುವ ಹಕ್ಕನ್ನು ಬಳಸಿದ್ದಕ್ಕೆ ವೀಸಾದ ಮೇಲೆ ಯಾವ ಪರಿಣಾಮವೂ ಆಗುವುದಿಲ್ಲ.

ಅತ್ತೆಯವರ ಅಳುಕಿಗೆ ಕಾರಣವಿಲ್ಲದಿಲ್ಲ. ಬೇರೊಂದು ದೇಶದ ಪೌರತ್ವವನ್ನು ಸ್ವಇಚ್ಛೆಯಿಂದ ಪಡೆದರೆ ಭಾರತದ ಪೌರತ್ವ ಹೋಗುತ್ತದೆ ಎಂದು 1955ರ ಪೌರತ್ವ ಕಾಯ್ದೆಯ 9ನೇ ಸೆಕ್ಷನ್ ಹೇಳುತ್ತದೆ. ಜನರ ಬಾಯಲ್ಲಿ ಅದು ‘ಹೊರದೇಶದಲ್ಲಿ ಮತ ಹಾಕಿದರೆ ಹೋಗುತ್ತದೆ’ ಎಂದು ಬದಲಾಗಿಬಿಟ್ಟಿದೆ. ಪೌರತ್ವ ಪಡೆಯುವುದು ಬೇರೆ, ವಾಸವಿರುವ ಊರಿನಲ್ಲಿ ಮತ ಹಾಕುವುದು ಬೇರೆ. ಭಾರತದ ಪ್ರಜಾಪ್ರತಿನಿಧಿ ಕಾಯ್ದೆ, 1950ರ 20ಎ ಸೆಕ್ಷನ್ ಪ್ರಕಾರ, ಬೇರೆ ದೇಶದ ಪೌರತ್ವ ಪಡೆಯದೆ ಕೆಲಸಕ್ಕಾಗಿ ಹೊರಗಿರುವವರು ಫಾರಂ 6ಎ ತುಂಬಿ, ಪಾಸ್‌ಪೋರ್ಟಿನಲ್ಲಿರುವ ವಿಳಾಸದ ಕ್ಷೇತ್ರದಲ್ಲಿ ಸಾಗರೋತ್ತರ ಮತದಾರರಾಗಿ ಹೆಸರು ಸೇರಿಸಿಕೊಳ್ಳಬಹುದು. ಮತದಾನದ ದಿನ ಊರಿಗೆ ಬಂದು, ಮೂಲ ಪಾಸ್‌ಪೋರ್ಟ್ ತೋರಿಸಿ ಮತ ಹಾಕಬೇಕು ಎಂಬುದಷ್ಟೇ ಅದರ ಷರತ್ತು. ಅತ್ತೆಯವರಿಗೆ ಇದನ್ನು ಹೇಳಿ, ಸಮಾಧಾನವಾದೀತು.

ಇನ್ನು ಮತಪತ್ರಗಳ ವಿಷಯ. ಆ ಪಾರ್ಲಿಮೆಂಟಿನಲ್ಲಿ 129 ಸ್ಥಾನಗಳಿವೆ. ಅವುಗಳಲ್ಲಿ 73 ನಮ್ಮ ವಿಧಾನಸಭೆಯಂತೆಯೇ ಕ್ಷೇತ್ರಕ್ಕೆ ಒಬ್ಬರು, ಹೆಚ್ಚು ಮತ ಪಡೆದವರು ಗೆದ್ದರು ಎಂಬ ಲೆಕ್ಕದವು. ಉಳಿದ 56 ಸ್ಥಾನಗಳನ್ನು ಎಂಟು ಪ್ರದೇಶಗಳಿಗೆ ತಲಾ ಏಳರಂತೆ ಹಂಚಲಾಗಿದೆ. ಪಕ್ಷಗಳು ಪ್ರದೇಶಕ್ಕೆಂದು ಕೊಟ್ಟ ಹೆಸರುಗಳ ಪಟ್ಟಿಯಿಂದ ಇವು ತುಂಬುವುದರಿಂದ ಇವನ್ನು ಪಟ್ಟಿಯ ಸ್ಥಾನಗಳು, ಇವಕ್ಕೆ ಹಾಕುವ ಮತವನ್ನು ಪಟ್ಟಿ ಮತ ಎನ್ನುತ್ತಾರೆ. ಗ್ಲಾಸ್ಗೊ ಅಂಥ ಒಂದು ಪ್ರದೇಶ. ಒಂದು ಮತಪತ್ರದಲ್ಲಿ ನಿಮ್ಮ ಕ್ಷೇತ್ರದ ಅಭ್ಯರ್ಥಿಗಳ ಹೆಸರುಗಳಿರುತ್ತವೆ. ಇನ್ನೊಂದರಲ್ಲಿ ಪಕ್ಷಗಳ ಹೆಸರುಗಳು, ಜೊತೆಗೆ ಪ್ರದೇಶಕ್ಕೆ ಪಕ್ಷೇತರರಾಗಿ ನಿಂತವರ ಹೆಸರುಗಳಿರುತ್ತವೆ. ಹಿಂದಿನ ಚುನಾವಣೆಯಲ್ಲಿ ಕ್ಷೇತ್ರದ ಮತಪತ್ರ ತಿಳಿ ನೇರಳೆ ಬಣ್ಣದ್ದಿತ್ತು, ಪ್ರದೇಶದ್ದು ಪೀಚ್ ಹಣ್ಣಿನ ಬಣ್ಣದ್ದು. ಎರಡರಲ್ಲೂ ಒಂದೊಂದೇ ಗುಣಾಕಾರದ ಗುರುತು ಹಾಕಬೇಕು. ಒಂದೇ ಮತಪತ್ರದಲ್ಲಿ ಎರಡು ಕಡೆ ಗುರುತು ಹಾಕಿದರೆ ಆ ಮತ ತಿರಸ್ಕೃತವಾಗುತ್ತದೆ.

ನಿಮ್ಮ ತಂದೆಯವರು ಬರೆಯುತ್ತಿದ್ದ 1, 2, 3 ಬೇರೊಂದು ಪದ್ಧತಿಯದು. ವಿಧಾನ ಪರಿಷತ್ತಿನ ಶಿಕ್ಷಕರ ಮತ್ತು ಪದವೀಧರರ ಕ್ಷೇತ್ರಗಳಲ್ಲಿ, ಮತಗಟ್ಟೆಯಲ್ಲೇ ಕೊಡುವ ನೇರಳೆ ಶಾಯಿಯ ಸ್ಕೆಚ್ ಪೆನ್ನಿನಿಂದ ಪ್ರಾಶಸ್ತ್ಯದ ಅಂಕೆಗಳನ್ನು ಬರೆಯುತ್ತಾರೆ. ಅಲ್ಲಿ 2 ಎಂದರೆ ನಿಜವಾಗಿಯೂ ಎರಡನೆಯ ಆಯ್ಕೆ. ಗೊಂದಲಕ್ಕೆ ಇನ್ನೂ ಒಂದು ಕಾರಣವಿದೆ. ಸ್ಕಾಟ್ಲೆಂಡಿನ ಸ್ಥಳೀಯ ಕೌನ್ಸಿಲ್‌ಗಳ ಚುನಾವಣೆಯಲ್ಲೂ 2007ರಿಂದ ಅಂಕೆ ಬರೆಯುವ ಪದ್ಧತಿಯೇ ನಡೆಯುತ್ತಿದೆ. ಆ ವರ್ಷ ಕೌನ್ಸಿಲ್ ಮತ್ತು ಪಾರ್ಲಿಮೆಂಟಿನ ಚುನಾವಣೆಗಳನ್ನು ಒಂದೇ ದಿನ ಇಟ್ಟರು. ಒಂದಕ್ಕೆ ಅಂಕೆ, ಇನ್ನೊಂದಕ್ಕೆ ಗುಣಾಕಾರ. ಸಾಲದ್ದಕ್ಕೆ ಪಾರ್ಲಿಮೆಂಟಿನ ಎರಡೂ ಮತಗಳನ್ನು ಒಂದೇ ಹಾಳೆಯಲ್ಲಿ ಎರಡು ಅಂಕಣಗಳಾಗಿ ಅಚ್ಚು ಹಾಕಿದ್ದರು. ಎರಡೂ ಗುರುತುಗಳನ್ನು ಒಂದೇ ಅಂಕಣದಲ್ಲಿ ಹಾಕಿದವರು, ಒಂದು ಅಂಕಣವನ್ನೇ ಖಾಲಿ ಬಿಟ್ಟವರು ಎಷ್ಟು ಜನವೆಂದರೆ, ತಿರಸ್ಕೃತ ಮತಗಳ ಸಂಖ್ಯೆ 1,40,000 ದಾಟಿತು. ಕೆನಡಾದ ಚುನಾವಣಾ ತಜ್ಞ ರಾನ್ ಗೂಲ್ಡ್ ಅವರಿಂದ ಪರಿಶೀಲನೆ ಮಾಡಿಸಿ, ಆಮೇಲಿನ ಚುನಾವಣೆಗೆ ಮತಪತ್ರಗಳನ್ನು ಮತ್ತೆ ಬೇರೆ ಮಾಡಿದರು. ಅಲ್ಲೇ ಹುಟ್ಟಿ ಬೆಳೆದವರು ಲಕ್ಷದ ಲೆಕ್ಕದಲ್ಲಿ ಎಡವಿದ ಜಾಗ ಇದು. ನಿಮಗೆ ಗೊಂದಲವಾದದ್ದರಲ್ಲಿ ಸಂಕೋಚಪಡುವಂಥದ್ದು ಏನೂ ಇಲ್ಲ.

ಎರಡನೆಯ ಮತಪತ್ರ ಎರಡನೆಯ ಆಯ್ಕೆಗೆ ಸಂಬಂಧಿಸಿದ್ದಲ್ಲ ಎಂದಾದ ಮೇಲೆ, ಅದು ಯಾತಕ್ಕೆ ಎಂಬ ಪ್ರಶ್ನೆ ಉಳಿಯುತ್ತದೆ. ನಮ್ಮಲ್ಲಿ 2018ರ ವಿಧಾನಸಭಾ ಚುನಾವಣೆಯಲ್ಲಿ ಕಾಂಗ್ರೆಸ್ಸಿಗೆ ಶೇ 38ರಷ್ಟು ಮತ, ಬಿಜೆಪಿಗೆ ಶೇ 36ರಷ್ಟು ಮತ ಬಂದಿದ್ದವು. ಸ್ಥಾನಗಳಲ್ಲಿ ಮಾತ್ರ ಬಿಜೆಪಿ 104ಕ್ಕೆ ಮುಟ್ಟಿತು, ಕಾಂಗ್ರೆಸ್ 80ರ ಆಸುಪಾಸಿನಲ್ಲಿ ನಿಂತಿತು. ಕ್ಷೇತ್ರಕ್ಕೊಬ್ಬರು ಎಂಬ ಪದ್ಧತಿಯಲ್ಲಿ ಇದು ಆಗುತ್ತಲೇ ಇರುತ್ತದೆ. ಮತ ಎಷ್ಟು ಬಂತು ಎನ್ನುವಷ್ಟೇ, ಎಲ್ಲೆಲ್ಲಿ ಹರಡಿಕೊಂಡು ಬಂತು ಎನ್ನುವುದೂ ಫಲಿತಾಂಶವನ್ನು ನಿರ್ಧರಿಸುತ್ತದೆ. ಸ್ಕಾಟ್ಲೆಂಡಿನ 1999ರ ಚುನಾವಣೆಯಲ್ಲಿ ಲೇಬರ್ ಪಕ್ಷ ಶೇ 39ರಷ್ಟು ಮತಗಳಿಂದ 73 ಕ್ಷೇತ್ರಗಳಲ್ಲಿ 53ನ್ನು ಗೆದ್ದುಕೊಂಡಿತು. ಶೇ 15ಕ್ಕೂ ಹೆಚ್ಚು ಮತ ಪಡೆದ ಕನ್ಸರ್ವೇಟಿವ್ ಪಕ್ಷ ಒಂದು ಕ್ಷೇತ್ರವನ್ನೂ ಗೆಲ್ಲಲಿಲ್ಲ. ಪಟ್ಟಿಯ ಸ್ಥಾನಗಳು ಇಲ್ಲದಿದ್ದರೆ ಅಷ್ಟು ಮತದಾರರ ದನಿ ಆ ಸಭೆಯಲ್ಲಿ ಸೊನ್ನೆಯಾಗುತ್ತಿತ್ತು. ಎರಡನೆಯ ಮತಪತ್ರದ ಬಲದಿಂದ ಅವರಿಗೆ 18 ಸ್ಥಾನಗಳು ಬಂದವು. ಸ್ಕಾಟಿಷ್ ನ್ಯಾಷನಲ್ ಪಾರ್ಟಿಗೆ (ಎಸ್‌ಎನ್‌ಪಿ) ಸಿಕ್ಕ 35ರಲ್ಲಿ 28 ಬಂದದ್ದು ಪಟ್ಟಿಯಿಂದಲೇ. ಕ್ಷೇತ್ರಗಳಲ್ಲಿ ಉಂಟಾದ ಏರುಪೇರನ್ನು ಸರಿದೂಗಿಸುವುದೇ ಈ ಮತಪತ್ರದ ಕೆಲಸ.

ಸರಿದೂಗಿಸುವ ಬಗೆಯನ್ನು ನಾನು ತರಗತಿಯಲ್ಲಿ ಹುಣಸೆಬೀಜಗಳನ್ನಿಟ್ಟು ತೋರಿಸುತ್ತಿದ್ದೆ. ಮೇಜಿನ ಮೇಲೆ ಏಳು ಬೀಜ. ಬೀಜ ಒಂದಕ್ಕೆ ಒಂದು ಸ್ಥಾನ. ಬೆಲ್ಜಿಯಂನ ವಿಕ್ಟರ್ ಡೋಂಟ್ ಎಂಬ ವಕೀಲರು 19ನೇ ಶತಮಾನದಲ್ಲಿ ರೂಪಿಸಿದ ಲೆಕ್ಕವಿದು. ಪ್ರದೇಶದಲ್ಲಿ ಒಂದು ಪಕ್ಷಕ್ಕೆ ಬಂದ ಪಟ್ಟಿ ಮತಗಳನ್ನು, ಅದು ಈಗಾಗಲೇ ಗೆದ್ದ ಸ್ಥಾನಗಳಿಗೆ ಒಂದನ್ನು ಕೂಡಿಸಿ, ಬಂದ ಸಂಖ್ಯೆಯಿಂದ ಭಾಗಿಸಬೇಕು. ಭಾಗಲಬ್ಧ ಯಾರದು ದೊಡ್ಡದೋ ಅವರಿಗೆ ಒಂದು ಬೀಜ. ಬೀಜ ಪಡೆದವರ ಭಾಜಕ ಒಂದು ಹೆಚ್ಚುತ್ತದೆ; ಮತ್ತೆ ಭಾಗಿಸಿ, ಮತ್ತೆ ಹೋಲಿಸಿ, ಏಳೂ ಮುಗಿಯುವವರೆಗೆ ಹೀಗೆ. ಗೆದ್ದ ಕ್ಷೇತ್ರಗಳನ್ನೂ ಭಾಜಕದಲ್ಲಿ ಸೇರಿಸುವುದರಿಂದ, ಆಗಲೇ ತಟ್ಟೆ ತುಂಬಿರುವವರು ಪಟ್ಟಿಯ ಪಂಕ್ತಿಯಲ್ಲಿ ಹಿಂದೆ ಸರಿಯುತ್ತಾರೆ.

ನಿಮ್ಮ ಗ್ಲಾಸ್ಗೊದ್ದೇ 2021ರ ಲೆಕ್ಕ ನೋಡಿ. ಅಲ್ಲಿನ ಒಂಬತ್ತೂ ಕ್ಷೇತ್ರಗಳನ್ನು ಎಸ್‌ಎನ್‌ಪಿ ಗೆದ್ದಿತ್ತು. ಪಟ್ಟಿ ಮತಗಳು ಎಸ್‌ಎನ್‌ಪಿಗೆ ಸುಮಾರು 1,34,000, ಲೇಬರ್‌ಗೆ ಸುಮಾರು 74,000, ಕನ್ಸರ್ವೇಟಿವ್‌ಗೆ 37,027, ಗ್ರೀನ್ ಪಕ್ಷಕ್ಕೆ 36,114. ಎಸ್‌ಎನ್‌ಪಿಯ ಮತಗಳನ್ನು ಮೊದಲ ಸುತ್ತಿನಲ್ಲೇ ಹತ್ತರಿಂದ ಭಾಗಿಸಬೇಕು, ಉಳಿಯುವುದು 13,400ರಷ್ಟು. ಮೊದಲ ಬೀಜ ಲೇಬರ್‌ಗೆ ಹೋಗುತ್ತದೆ. ಅವರ ಮತ ಅರ್ಧಕ್ಕಿಳಿದರೂ 37,000ಕ್ಕೆ ತುಸು ಮೇಲೆಯೇ ಇರುವುದರಿಂದ ಎರಡನೆಯದೂ ಅವರದೇ. ಮೂರನೆಯದು ಕನ್ಸರ್ವೇಟಿವ್‌ಗೆ, ನಾಲ್ಕನೆಯದು ಗ್ರೀನ್‌ಗೆ, ಐದು ಮತ್ತು ಆರನೆಯವು ಮತ್ತೆ ಲೇಬರ್‌ಗೆ. ಏಳನೆಯ ಬೀಜ ಕೈಗೆತ್ತಿಕೊಂಡಾಗ ತರಗತಿ ನಿಶ್ಶಬ್ದವಾಗುತ್ತಿತ್ತು. ಕನ್ಸರ್ವೇಟಿವ್ ಮತಗಳ ಅರ್ಧ 18,513, ಗ್ರೀನ್ ಮತಗಳ ಅರ್ಧ 18,057. ಬೀಜ ಕನ್ಸರ್ವೇಟಿವ್ ಪಾಲಾಯಿತು. ಹೆಚ್ಚುವರಿಯಾಗಿ 900ರಷ್ಟು ಪಟ್ಟಿ ಮತ ಬಿದ್ದಿದ್ದರೆ ಅದು ಗ್ರೀನ್ ಪಕ್ಷದ್ದಾಗುತ್ತಿತ್ತು. ಹೆಸರಿನಲ್ಲಿ ‘ಗ್ರೀನ್’ ಎಂಬ ಪದವಿದ್ದ, ಗ್ರೀನ್ ಪಕ್ಷಕ್ಕೆ ಸಂಬಂಧವೇ ಇಲ್ಲದ ಸಣ್ಣ ಪಕ್ಷವೊಂದು ಅದೇ ಮತಪತ್ರದಲ್ಲಿ 2,000ಕ್ಕೂ ಹೆಚ್ಚು ಮತ ಪಡೆದಿತ್ತು. ಯಾವ ಪಕ್ಷಕ್ಕೇ ಹಾಕಿ, ಪೂರ್ತಿ ಹೆಸರನ್ನು ಓದಿ, ಲಾಂಛನ ನೋಡಿ ಗುರುತು ಹಾಕಿ ಎಂದು ನಾನು ಒತ್ತಿ ಹೇಳುವುದು ಇದಕ್ಕೇ.

ಎರಡನೆಯ ಮತ ದಂಡವಾಗುತ್ತದೆ ಎಂಬ ನಿಮ್ಮ ಸಹೋದ್ಯೋಗಿಯ ಮಾತಿಗೆ ಆಧಾರ ಸಿಗುವುದೂ ಈ ಲೆಕ್ಕದಲ್ಲಿಯೇ. ಅದನ್ನು ಪೂರ್ತಿ ಸುಳ್ಳು ಎಂದು ತಳ್ಳಿಹಾಕಲಾರೆ. ಆ ಸಲ ಇಡೀ ಸ್ಕಾಟ್ಲೆಂಡಿನಲ್ಲಿ ಎಸ್‌ಎನ್‌ಪಿಗೆ ಹತ್ತು ಲಕ್ಷಕ್ಕೂ ಹೆಚ್ಚು ಪಟ್ಟಿ ಮತಗಳು ಬಂದರೂ ಅವುಗಳಿಂದ ಸಿಕ್ಕಿದ್ದು ಎರಡೇ ಸ್ಥಾನ. 62 ಕ್ಷೇತ್ರಗಳನ್ನು ನೇರವಾಗಿ ಗೆದ್ದಿದ್ದರಿಂದ ಒಟ್ಟು 64 ಆಯಿತು, ಬಹುಮತಕ್ಕೆ ಒಂದು ಕಡಿಮೆ. ಹೀಗಿರುವಾಗ, ಆ ಪಕ್ಷದ ಬೆಂಬಲಿಗರು ಪಟ್ಟಿ ಮತವನ್ನು ತಮ್ಮದೇ ನಿಲುವಿನ ಇನ್ನೊಂದು ಪಕ್ಷಕ್ಕೆ ಕೊಟ್ಟರೆ ಹೆಚ್ಚು ಉಪಯೋಗವಲ್ಲವೇ ಎಂಬ ವಾದ ಹುಟ್ಟುವುದು ಸಹಜ. ಆ ವಾದವನ್ನೇ ಮುಂದಿಟ್ಟುಕೊಂಡು ಆಲ್ಬಾ ಎಂಬ ಹೊಸ ಪಕ್ಷ 2021ರಲ್ಲಿ ಪಟ್ಟಿಗೆ ಮಾತ್ರ ಸ್ಪರ್ಧಿಸಿತು. ಅದಕ್ಕೆ ಬಿದ್ದದ್ದು ಶೇ 2ಕ್ಕಿಂತಲೂ ಕಡಿಮೆ ಮತ. ಒಂದು ಸ್ಥಾನವೂ ದಕ್ಕಲಿಲ್ಲ. ಜರ್ಮನಿಯಲ್ಲಿರುವಂತೆ ಶೇ 5 ಮತ ಪಡೆಯಲೇಬೇಕೆಂಬ ಗೆರೆಯನ್ನು ಸ್ಕಾಟ್ಲೆಂಡಿನ ಕಾನೂನು ಎಳೆದಿಲ್ಲ. ಆದರೆ ಪ್ರದೇಶಕ್ಕೆ ಏಳೇ ಸ್ಥಾನಗಳಿರುವುದರಿಂದ ಲೆಕ್ಕ ತಾನಾಗಿಯೇ ಶೇ 5-6ರ ಹತ್ತಿರ ಒಂದು ಗೆರೆ ಎಳೆದುಬಿಡುತ್ತದೆ. ಅದಕ್ಕಿಂತ ತೀರಾ ಕೆಳಗಿರುವ ಪಕ್ಷಕ್ಕೆ ‘ಉಪಾಯದ’ ಮತ ಹಾಕಿದರೆ, ದಂಡವಾಗುವುದನ್ನು ತಪ್ಪಿಸಲು ಹೋಗಿ ದಂಡ ಮಾಡಿಕೊಂಡಂತಾಗುತ್ತದೆ.

ಇನ್ನೊಂದು ಅಪಾಯ ಇದಕ್ಕಿಂತ ದೊಡ್ಡದು, ಅದನ್ನು ಜನ ಗಮನಿಸುವುದಿಲ್ಲ. ಪಟ್ಟಿ ಮತ ದಂಡವೋ ಅಲ್ಲವೋ ಎಂಬುದು, ಪಕ್ಷ ಎಷ್ಟು ಕ್ಷೇತ್ರ ಗೆಲ್ಲುತ್ತದೆ ಎಂಬುದರ ಮೇಲೆ ನಿಂತಿದೆ. ಮತ ಹಾಕುವ ಹೊತ್ತಿನಲ್ಲಿ ಅದು ಯಾರಿಗೂ ಗೊತ್ತಿರುವುದಿಲ್ಲ. ಗ್ಲಾಸ್ಗೊದ ಅದೇ ಲೆಕ್ಕದಲ್ಲಿ ಎಸ್‌ಎನ್‌ಪಿ ಮೂರು ಕ್ಷೇತ್ರಗಳನ್ನು ಸೋತಿತ್ತು ಎಂದುಕೊಳ್ಳಿ. ಭಾಜಕ ಹತ್ತರ ಬದಲು ಏಳಾಗುತ್ತಿತ್ತು, ಭಾಗಲಬ್ಧ 19,000 ದಾಟುತ್ತಿತ್ತು, ಕನಿಷ್ಠ ಒಂದು ಪಟ್ಟಿ ಸ್ಥಾನ ಅವರ ಕೈ ಸೇರುತ್ತಿತ್ತು. ಕ್ಷೇತ್ರಗಳಲ್ಲಿ ಕೈಕೊಟ್ಟದ್ದನ್ನು ಪಟ್ಟಿ ಒಂದಿಷ್ಟು ತುಂಬಿಕೊಡುತ್ತದೆ; ಪಟ್ಟಿ ಮತವನ್ನು ಬೇರೆಡೆಗೆ ಸಾಗಿಸಿದ್ದರೆ ಆ ಆಸರೆಯೂ ಇರುವುದಿಲ್ಲ. ಅಷ್ಟೇ ಅಲ್ಲ, ಎಲ್ಲ ಕ್ಷೇತ್ರಗಳನ್ನು ಗೆದ್ದ ಮೇಲೂ ಪಟ್ಟಿ ಮತ ಫಲ ಕೊಟ್ಟ ಉದಾಹರಣೆಯಿದೆ. 2011ರಲ್ಲಿ ಈಶಾನ್ಯ ಸ್ಕಾಟ್ಲೆಂಡ್ ಪ್ರದೇಶದ ಹತ್ತಕ್ಕೆ ಹತ್ತೂ ಕ್ಷೇತ್ರಗಳನ್ನು ಗೆದ್ದ ಎಸ್‌ಎನ್‌ಪಿಗೆ ಅಲ್ಲಿನ ಪಟ್ಟಿಯಿಂದಲೂ ಒಂದು ಸ್ಥಾನ ಬಂತು. ಆ ವರ್ಷ ಆ ಪಕ್ಷ 69 ಸ್ಥಾನ ಪಡೆದು ಬಹುಮತ ದಾಟಿತು. ಅವುಗಳಲ್ಲಿ 16 ಪಟ್ಟಿಯವು. ಆ ಪಟ್ಟಿ ಮತಗಳು ಚದುರಿದ್ದರೆ ಬಹುಮತ ಬರುತ್ತಿರಲಿಲ್ಲ.

ಹಾಗಾಗಿ ನಿಮ್ಮ ಮುಂದಿರುವ ದಾರಿಗಳು ಇವು. ಒಂದು ಪಕ್ಷದ ಮೇಲೆ ನಿಮಗೆ ನಿಜವಾದ ಒಲವಿದ್ದರೆ ಎರಡನ್ನೂ ಅದಕ್ಕೇ ಕೊಡಿ. ಅದು ಕ್ಷೇತ್ರಗಳನ್ನೆಲ್ಲ ಬಾಚಿಕೊಂಡರೆ ಪಟ್ಟಿ ಮತಕ್ಕೆ ಫಲ ಸಿಗದೇ ಇರಬಹುದು ಎಂಬುದು ಗೊತ್ತಿರಲಿ. ಕ್ಷೇತ್ರದಲ್ಲಿ ಗೆಲ್ಲುವ ಸಾಧ್ಯತೆಯಿರುವವರಲ್ಲಿ ಒಪ್ಪುವವರಿಗೆ ಒಂದು ಮತ, ಮನಸ್ಸಿಗೆ ಹತ್ತಿರವಾದ ಪಕ್ಷಕ್ಕೆ ಪಟ್ಟಿ ಮತ ಎಂದು ಬೇರೆ ಬೇರೆಯಾಗಿಯೂ ಹಾಕಬಹುದು. ಅಲ್ಲಿ ಬಹಳ ಜನ ಮಾಡುವುದು ಹೀಗೆಯೇ, ಪದ್ಧತಿ ಇರುವುದೂ ಅದಕ್ಕೆ ಅವಕಾಶ ಕೊಡಲಿಕ್ಕೆ. ಇನ್ನು ಬೇರೆಯವರು ಹೇಗೆ ಹಾಕುತ್ತಾರೆ ಎಂದು ಊಹಿಸಿ, ಒಲವಿಲ್ಲದ ಪಕ್ಷಕ್ಕೆ ಪಟ್ಟಿ ಮತ ಕೊಡುವುದು ಪಣ ಕಟ್ಟಿದಂತೆ. ಈ ಸಲ ಕ್ಷೇತ್ರಗಳ ಗಡಿಗಳು ಬದಲಾಗಿವೆ, ಕೆಲವು ಪ್ರದೇಶಗಳ ಹೆಸರುಗಳೂ ಬದಲಾಗಿವೆ. 2021ರ ಅಂಕಿಗಳನ್ನು ಕೈಯಲ್ಲಿ ಹಿಡಿದು 2026ರ ಪಣ ಕಟ್ಟುವವರಿಗೆ ನಾನು ಧೈರ್ಯ ಹೇಳಲಾರೆ. ನನ್ನನ್ನು ಕೇಳಿದರೆ, ಪಾರ್ಲಿಮೆಂಟಿನಲ್ಲಿ ಯಾವ ಪಕ್ಷದ ಬಲ ಹೆಚ್ಚಬೇಕು ಎಂದು ನೀವು ಬಯಸುತ್ತೀರೋ ಅದಕ್ಕೆ ಪಟ್ಟಿ ಮತ ಕೊಡಿ. ಒಟ್ಟು ಸಭೆಯ ಆಕಾರವನ್ನು ತಿದ್ದುವುದು ಆ ಮತ, ಅದನ್ನು ಉಳಿಕೆಯ ಮತದಂತೆ ಕಾಣಬೇಡಿ.

ಯಜಮಾನರ ಮಾತಿಗೆ ಬರೋಣ. ಕ್ಷೇತ್ರದಲ್ಲಿ ಸೋತವರು ಪಟ್ಟಿಯಿಂದ ಸಭೆಗೆ ಬರುವುದುಂಟು, ನಿಜ. ಒಬ್ಬರೇ ಎರಡೂ ಕಡೆ ನಿಲ್ಲಲು ಅಲ್ಲಿ ಅಡ್ಡಿಯಿಲ್ಲ. ಆದರೆ ಅವರನ್ನು ಸೋತವರು ಎಂದು ಬದಿಗಿಡುವುದಕ್ಕೆ ಮುಂಚೆ ಯಾರು ಯಾರು ಆ ದಾರಿಯಲ್ಲಿ ಬಂದರು ಎಂದು ನೋಡಬೇಕು. ಮುಂದೆ ಫಸ್ಟ್ ಮಿನಿಸ್ಟರ್ (ಸ್ಕಾಟ್ಲೆಂಡ್ ಸರ್ಕಾರದ ಮುಖ್ಯಸ್ಥೆ) ಆದ ನಿಕೋಲಾ ಸ್ಟರ್ಜನ್ 1999ರಿಂದ 2007ರವರೆಗೆ ಗ್ಲಾಸ್ಗೊದ ಪಟ್ಟಿ ಸದಸ್ಯೆಯಾಗಿದ್ದರು. ಆಮೇಲೆ ಅದೇ ಹುದ್ದೆಗೆ ಬಂದ ಹಮ್ಜಾ ಯೂಸುಫ್ ಕೂಡ 2011ರಲ್ಲಿ ಮೊದಲು ಬಂದದ್ದು ಅದೇ ಪಟ್ಟಿಯಿಂದ. ಆ ಪಾರ್ಲಿಮೆಂಟಿನ ಮೊಟ್ಟಮೊದಲ ಏಷ್ಯಾ ಮೂಲದ ಸದಸ್ಯರಾದ ಬಶೀರ್ ಅಹ್ಮದ್ 2007ರಲ್ಲಿ ಆರಿಸಿ ಬಂದದ್ದೂ ಗ್ಲಾಸ್ಗೊದ ಪಟ್ಟಿಯಿಂದಲೇ. ಒಂದು ಕ್ಷೇತ್ರದಲ್ಲಿ ಎಲ್ಲರನ್ನೂ ಮೀರಿಸಿ ಗೆಲ್ಲುವುದು ಅಲ್ಪಸಂಖ್ಯಾತ ಸಮುದಾಯದವರಿಗೆ ಕಠಿಣವಾಗಿದ್ದ ಕಾಲದಲ್ಲಿ ಪಟ್ಟಿಯೇ ಬಾಗಿಲು ತೆರೆಯಿತು. ಸಭೆಯಲ್ಲಿ ಕ್ಷೇತ್ರದಿಂದ ಬಂದವರ ಮತಕ್ಕೂ ಪಟ್ಟಿಯಿಂದ ಬಂದವರ ಮತಕ್ಕೂ ಒಂದೇ ಬೆಲೆ. ನಿಮ್ಮ ಸಮಸ್ಯೆ ಹೇಳಿಕೊಳ್ಳಲು ಕ್ಷೇತ್ರದ ಒಬ್ಬರು, ಪ್ರದೇಶದ ಏಳು ಜನ, ಒಟ್ಟು ಎಂಟು ಪ್ರತಿನಿಧಿಗಳು ನಿಮಗಿರುತ್ತಾರೆ.

ಆದರೂ ಯಜಮಾನರ ಅಸಮಾಧಾನದಲ್ಲಿ ನಾನು ಒಪ್ಪುವ ಅಂಶವೊಂದಿದೆ. ಪಟ್ಟಿಯಲ್ಲಿ ಯಾರು ಮೊದಲು, ಯಾರು ಆಮೇಲೆ ಎಂಬುದನ್ನು ಪಕ್ಷವೇ ತೀರ್ಮಾನಿಸುತ್ತದೆ. ಆ ಕ್ರಮವನ್ನು ಬದಲಿಸುವ ಅಧಿಕಾರ ಮತದಾರರಿಗಿಲ್ಲ. ಮೂರನೆಯ ಹೆಸರಿನವರು ನಿಮಗೆ ಮೆಚ್ಚಿಕೆಯಾದರೂ ನಿಮ್ಮ ಮತ ಮೊದಲನೆಯವರನ್ನೇ ಮೊದಲು ಗೆಲ್ಲಿಸುತ್ತದೆ. ಪಟ್ಟಿ ಸದಸ್ಯರೊಬ್ಬರು ನಡುವೆ ರಾಜೀನಾಮೆ ಕೊಟ್ಟರೆ ಉಪಚುನಾವಣೆಯಿಲ್ಲದೆ ಪಟ್ಟಿಯ ಮುಂದಿನವರು ಬಂದು ಕೂರುತ್ತಾರೆ. ಪಕ್ಷೇತರರಾಗಿ ಗೆದ್ದವರ ಸ್ಥಾನ ತೆರವಾದರೆ ಅದೂ ಇಲ್ಲ. ಲೋದಿಯನ್ ಪ್ರದೇಶದಿಂದ ಮೂರು ಸಲ ಪಕ್ಷೇತರರಾಗಿ ಆರಿಸಿ ಬಂದಿದ್ದ ಮಾರ್ಗೊ ಮ್ಯಾಕ್‌ಡೊನಾಲ್ಡ್ 2014ರ ಏಪ್ರಿಲ್‌ನಲ್ಲಿ ತೀರಿಕೊಂಡಾಗ ಅವರ ಹಿಂದೆ ಪಟ್ಟಿಯೇ ಇರಲಿಲ್ಲ. ಆ ಆಸನ 2016ರ ಚುನಾವಣೆಯವರೆಗೆ ಖಾಲಿಯೇ ಉಳಿಯಿತು. ಪದ್ಧತಿಯ ಈ ಕೊರತೆ ನಿಜವಾದದ್ದು. ಪಟ್ಟಿ ಮತವನ್ನು ಹಾಕದೆ ಬಿಟ್ಟರೆ ಮಾತ್ರ ಅದು ಸರಿಹೋಗುವುದಿಲ್ಲ; ಯಜಮಾನರು ಖಾಲಿ ಬಿಟ್ಟ ಮತಪತ್ರದ ಲಾಭ, ಹಾಕಿದ ಉಳಿದೆಲ್ಲರಿಗೆ ಹೋಗುತ್ತದೆ.

ಮತದಾನ ಬೆಳಿಗ್ಗೆ 7ರಿಂದ ರಾತ್ರಿ 10ರವರೆಗೆ ಇರುತ್ತದೆ, ಹಗಲು ಪಾಳಿ ಮುಗಿಸಿಕೊಂಡೂ ಹೋಗಬಹುದು. ಬ್ರಿಟನ್ನಿನ ಸಾರ್ವತ್ರಿಕ ಚುನಾವಣೆಗೆ ಬೇಕಾಗುವ ಫೋಟೊ ಗುರುತಿನ ಚೀಟಿಯನ್ನು ಈ ಚುನಾವಣೆಗೆ ಕೇಳುವುದಿಲ್ಲ. ಪೋಲ್ ಕಾರ್ಡ್ ಮನೆಯಲ್ಲೇ ಮರೆತಿದ್ದರೂ ಹೆಸರು, ವಿಳಾಸ ಹೇಳಿದರೆ ಸಾಕು. ಮಗನಿಗೆ ಹೇಳಬೇಕಾದದ್ದು ಇಷ್ಟೆ: ಎರಡು ಬಣ್ಣದ ಎರಡು ಕಾಗದ, ಒಂದೊಂದರಲ್ಲಿ ಒಂದೊಂದೇ ಗುರುತು, ಅಂಕೆ ಬೇಡ. ಗುರುತು ತಪ್ಪಿ ಬಿದ್ದರೆ ಪೆಟ್ಟಿಗೆಗೆ ಹಾಕುವ ಮುಂಚೆ ಅಲ್ಲಿನ ಸಿಬ್ಬಂದಿಗೆ ಹೇಳಲಿ. ಕೆಟ್ಟ ಮತಪತ್ರವನ್ನು ಹಿಂದಕ್ಕೆ ಪಡೆದು ಬೇರೆಯದನ್ನು ಕೊಡುತ್ತಾರೆ.